ಶಾಂತಿಸಾಧಕರೊಬ್ಬರ ಕಾಗದಪತ್ರಗಳು



2019ರ ಆಗಸ್ಟ್ ತಿಂಗಳನ್ನು ಹೊಳೆಆಲೂರಿನ ಜನ ಸುಲಭವಾಗಿ ಮರೆಯಲಾರರು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಲಪ್ರಭೆ ದಡ ಮೀರಿ ಊರೊಳಗೆ ಬಂದಳು. ನೀರು ಇಳಿದ ಮೇಲೆ ಮನೆ ಮನೆಗೆ ಭೇಟಿ ಕೊಡುತ್ತಿದ್ದಾಗ ಒಂದು ಅಂಗಳದಲ್ಲಿ ಕಂಡದ್ದು ಇಂದಿಗೂ ನನ್ನ ಮನಸ್ಸಿನಲ್ಲಿ ನಿಂತಿದೆ. ವಯಸ್ಸಾದ ತಾಯಿಯೊಬ್ಬರು ಹಗ್ಗದ ಮೇಲೆ ಸೀರೆ, ಕೌದಿಗಳ ನಡುವೆ ನೀಲಿ ಬಣ್ಣದ ಇನ್‌ಲ್ಯಾಂಡ್ ಪತ್ರಗಳನ್ನು ಒಂದೊಂದಾಗಿ ಒಣಹಾಕುತ್ತಿದ್ದರು. ಪಕ್ಕದಲ್ಲಿ ಕೆಸರು ತುಂಬಿದ ತಗಡಿನ ಟ್ರಂಕು ಬಾಯ್ತೆರೆದು ಬಿದ್ದಿತ್ತು. ನೆನೆದ ಜೋಳದ ಚೀಲಗಳು ಮೂಲೆಯಲ್ಲಿ ನಾರುತ್ತಿದ್ದರೂ ಅವರ ಗಮನ ಅತ್ತ ಇರಲಿಲ್ಲ. "ಅವ್ವಾ, ಮೊದಲು ಕಾಳು ನೋಡಬಾರದೇನು?" ಎಂದೆ. ಅವರು ಕೈಯಲ್ಲಿದ್ದ ಪತ್ರದಿಂದ ಕಣ್ಣು ತೆಗೆಯದೆ, "ಜ್ವಾಳ ಹೋದ್ರ ಮತ್ತ ಬೆಳೀತಾವ್ರಿ ಫಾದರ್. ಇವನ್ನ ಬರದವ್ರು ಮತ್ತ ಬರ್ತಾರೇನ್ರಿ?" ಎಂದರು.

ಅವರ ಪತಿ ಸೈನ್ಯದಲ್ಲಿದ್ದವರು. 1971ರ ಯುದ್ಧದ ಸಮಯದಲ್ಲಿ ಗಡಿಯಿಂದ ಬರೆದ ಪತ್ರಗಳು ಅವು. ಒಂದನ್ನು ಓದಿ ಹೇಳಲು ನನ್ನ ಕೈಗೆ ಕೊಟ್ಟರು. ಅರ್ಧಕ್ಕರ್ಧ ಶಾಯಿ ಹರಡಿತ್ತು. ಉಳಿದ ಸಾಲುಗಳಲ್ಲಿ ಗುಂಡಿನ ಮಾತಿಲ್ಲ, ಶೌರ್ಯದ ಮಾತೂ ಇಲ್ಲ. ಹೊಲದ ಬದುವಿನ ವಿಷಯವಾಗಿ ತಮ್ಮನೊಡನೆ ಮಾತು ಬೆಳೆಸಬೇಡ, ನಾನು ರಜೆಗೆ ಬಂದಾಗ ಕೂತು ಮಾತಾಡೋಣ ಎಂದು ಆ ಸೈನಿಕ ತನ್ನ ಹೆಂಡತಿಯನ್ನು ಕೇಳಿಕೊಂಡಿದ್ದ. ದುಃಖದ ಸಂಗತಿಯೆಂದರೆ, ಅದೇ ಹೊಲಕ್ಕಾಗಿ ಅವರ ಇಬ್ಬರು ಮಕ್ಕಳು ಆಗ ಆರು ವರ್ಷಗಳಿಂದ ಮಾತು ಬಿಟ್ಟಿದ್ದರು. ಹಿರಿಯವನ ಮನೆ ಅದೇ ಓಣಿಯಲ್ಲಿ, ನಾಲ್ಕು ಮನೆ ಆಚೆ.

ಒಂದು ಹಳೆಯ ಕಾಗದ ಶಾಂತಿಯ ಕೆಲಸ ಮಾಡಬಲ್ಲದೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ತಮ್ಮ ಬದುಕನ್ನೆಲ್ಲ ಅಹಿಂಸೆಗೆ ಮೀಸಲಿಟ್ಟ ಒಬ್ಬ ವ್ಯಕ್ತಿಯ ಪತ್ರಗಳನ್ನು ಈ ವಾರ ನಿಮ್ಮೊಡನೆ ಅಧ್ಯಯನ ಮಾಡಬೇಕೆಂದಿದ್ದೇನೆ. ಅವರು ಮಹಾತ್ಮ ಗಾಂಧೀಜಿ.

ಪತ್ರವೂ ದೇವರ ವಾಕ್ಯದ ವಾಹನ

ಪತ್ರವೆಂಬುದು ನಮ್ಮ ವಿಶ್ವಾಸಕ್ಕೆ ಹೊಸದಲ್ಲ. ಹೊಸ ಒಡಂಬಡಿಕೆಯ 27 ಗ್ರಂಥಗಳಲ್ಲಿ 21 ಪತ್ರಗಳೇ ಆಗಿವೆ. ಅವುಗಳಲ್ಲಿ ತೀರಾ ಚಿಕ್ಕದೊಂದು ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರ. ಒಂದೇ ಅಧ್ಯಾಯ, 25 ವಚನಗಳು. ಒನೇಸಿಮ ಎಂಬ ಗುಲಾಮ ಒಡೆಯನ ಮನೆ ಬಿಟ್ಟು ಬಂದು, ಸೆರೆಯಲ್ಲಿದ್ದ ಪೌಲರ ಬಳಿ ಕ್ರೈಸ್ತನಾದ. ಅವನನ್ನು ಹಿಂದಕ್ಕೆ ಕಳುಹಿಸುತ್ತಾ, ಇನ್ನು ಮುಂದೆ ಅವನನ್ನು ಗುಲಾಮನಂತೆ ನೋಡದೆ ಪ್ರಿಯ ಸಹೋದರನಂತೆ ಸ್ವೀಕರಿಸು, ಅವನೇನಾದರೂ ಸಾಲ ಉಳಿಸಿಕೊಂಡಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಬರೆ ಎಂದು ಪೌಲರು ವಿನಂತಿಸುತ್ತಾರೆ. ಪ್ರೇಷಿತರಾಗಿ ಆಜ್ಞೆ ಮಾಡುವ ಅಧಿಕಾರ ಅವರಿಗಿತ್ತು. ಆದರೂ ಆಜ್ಞೆ ಮಾಡದೆ ಪ್ರೀತಿಯಿಂದ ಬೇಡಿಕೊಂಡರು.

ಇದು ರೋಮನರಿಗೆ ಬರೆದ ಪತ್ರದಂತಹ ದೊಡ್ಡ ತತ್ವಪ್ರತಿಪಾದನೆಯಲ್ಲ. ಒಂದು ಮನೆಯ ಜಗಳ ಬಗೆಹರಿಸಲು ಬರೆದ ಖಾಸಗಿ ಪತ್ರ. ಆದರೂ ಧರ್ಮಸಭೆ ಅದನ್ನು ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡಿದೆ. ಶಾಂತಿ ಎಂಬುದು ರಾಜ್ಯ ರಾಜ್ಯಗಳ ನಡುವಣ ಒಪ್ಪಂದ ಮಾತ್ರವಲ್ಲ, ಇಬ್ಬರು ಮನುಷ್ಯರ ನಡುವಣ ಒಂದು ಕಾಗದವೂ ಹೌದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮನೆಮನೆಗಳಿಂದ ಬಂದ ಸಂಗ್ರಹ

ಗಾಂಧೀಜಿ ಎಷ್ಟು ಪತ್ರ ಬರೆದರೆಂದು ಎಣಿಸಿ ಮುಗಿಸುವುದು ಕಷ್ಟ. ರೈಲಿನಲ್ಲಿ, ಸೆರೆಮನೆಯಲ್ಲಿ, ಉಪವಾಸದ ಹಾಸಿಗೆಯಲ್ಲಿ ಬರೆದರು. ಬಂದ ಲಕೋಟೆಯನ್ನು ಬಿಡಿಸಿ ಅದರ ಒಳಮೈಯಲ್ಲಿ ಬರೆದರು. ಬಲಗೈ ಸೋತರೆ ಎಡಗೈಯಿಂದ ಬರೆದರು. 1909ರಲ್ಲಿ ಹಡಗಿನಲ್ಲಿ ಹತ್ತು ದಿನಗಳಲ್ಲಿ ಬರೆದು ಮುಗಿಸಿದ 'ಹಿಂದ್ ಸ್ವರಾಜ್' ಕೃತಿಯ ಹಸ್ತಪ್ರತಿಯಲ್ಲಿಯೂ ಎಡಗೈ ಬರವಣಿಗೆಯ ಪುಟಗಳಿವೆ. ವೈಸರಾಯ್‌ಗೆ ಉತ್ತರಿಸಿದಷ್ಟೇ ಶ್ರದ್ಧೆಯಿಂದ, ಹೊಟ್ಟೆನೋವಿಗೆ ಏನು ತಿನ್ನಬೇಕೆಂದು ಕೇಳಿದ ಆಶ್ರಮವಾಸಿಗೂ ಉತ್ತರಿಸುತ್ತಿದ್ದರು.

ಅವರ ಮರಣಾನಂತರ ಈ ಕಾಗದಗಳನ್ನೆಲ್ಲ ಒಟ್ಟುಗೂಡಿಸುವ ಕಾರ್ಯ ನಡೆಯಿತು. ಪತ್ರ ಪಡೆದವರು ಅವನ್ನು ತಮ್ಮ ಮನೆಗಳಲ್ಲಿ ಜೋಪಾನ ಮಾಡಿಕೊಂಡಿದ್ದರಿಂದಲೇ ಈ ಕಾರ್ಯ ಸಾಧ್ಯವಾಯಿತು. 1956ರಲ್ಲಿ ಕೇಂದ್ರ ಸರ್ಕಾರ ಗಾಂಧೀಜಿಯವರ ಸಮಗ್ರ ಬರಹಗಳ ಪ್ರಕಟಣೆಯ ಯೋಜನೆ ಆರಂಭಿಸಿತು. ಮೊದಲ ಸಂಪುಟ 1958ರಲ್ಲಿ ಬಂತು. 1994ರ ವೇಳೆಗೆ 100 ಸಂಪುಟಗಳು ಪೂರ್ಣಗೊಂಡವು. ಈ ಯೋಜನೆಯ ಮೊದಲ ಪ್ರಧಾನ ಸಂಪಾದಕರು ಒಬ್ಬ ಕ್ರೈಸ್ತ ವಿದ್ವಾಂಸರು, ಭರತನ್ ಕುಮಾರಪ್ಪನವರು, ಎಂಬುದು ನಮಗೆ ಸಂತೋಷ ಕೊಡುವ ಸಂಗತಿ. ಅವರು 1957ರಲ್ಲಿ ತೀರಿಕೊಂಡರು. ಬಳಿಕ ಕೆ. ಸ್ವಾಮಿನಾಥನ್ ಅವರು 1960ರಿಂದ ಸುಮಾರು ಕಾಲು ಶತಮಾನ ಈ ಹೊಣೆ ಹೊತ್ತರು. ಅಹಮದಾಬಾದಿನ ಸಾಬರಮತಿ ಆಶ್ರಮದ ಸಂಗ್ರಹಾಲಯವೊಂದರಲ್ಲಿಯೇ ಮೂಲ ಪ್ರತಿ, ನಕಲು ಪ್ರತಿ ಎಲ್ಲ ಸೇರಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಪತ್ರಗಳಿವೆ.

ಮುಂದೆ ಒಂದು ಪರಿಷ್ಕೃತ ಆವೃತ್ತಿ ಹೊರಬಂದಾಗ ಅದರಲ್ಲಿ ನೂರಾರು ಬರಹಗಳು ಬಿಟ್ಟುಹೋಗಿರುವುದನ್ನು ವಿದ್ವಾಂಸರು ತೋರಿಸಿಕೊಟ್ಟರು. ಪ್ರತಿಭಟನೆ ನಡೆದು 2005ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಸತ್ಯವನ್ನೇ ದೇವರೆಂದ ವ್ಯಕ್ತಿಯ ಕಾಗದದಲ್ಲಿ ಒಂದು ಸಾಲು ಕಡಿಮೆಯಾದರೂ ಅದು ಸತ್ಯಕ್ಕೆ ಕುಂದು ಎಂಬ ಕಾಳಜಿ ಆ ಪ್ರತಿಭಟನೆಯ ಹಿಂದಿತ್ತು.

ನಂದಿಬೆಟ್ಟದ ಸೋಮವಾರಗಳು

ಈ ಪತ್ರರಾಶಿಯಲ್ಲಿ ನಮ್ಮ ಕರ್ನಾಟಕದ ಪಾಲೂ ದೊಡ್ಡದು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿದ್ದುದು ಎಲ್ಲರಿಗೂ ಗೊತ್ತು. ಆದರೆ ಅವರ ಅಂತರಂಗವನ್ನು ತಿಳಿಯಬೇಕಾದರೆ 1927ರ ಬೇಸಿಗೆಗೆ ಹೋಗಬೇಕು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಕೊಲ್ಲಾಪುರದಲ್ಲಿ ಅವರ ಆರೋಗ್ಯ ಇದ್ದಕ್ಕಿದ್ದಂತೆ ಕುಸಿಯಿತು. ರಕ್ತದೊತ್ತಡ ಏರಿತ್ತು, ವೈದ್ಯರು ಪ್ರವಾಸ ನಿಲ್ಲಿಸಿದರು. ಏಪ್ರಿಲ್‌ನಲ್ಲಿ ಅವರನ್ನು ನಂದಿಬೆಟ್ಟಕ್ಕೆ ಕರೆತಂದರು. ಅಲ್ಲಿ ಸುಮಾರು ಒಂದೂವರೆ ತಿಂಗಳು ವಿಶ್ರಾಂತಿ. ಬಳಿಕ ಬೆಂಗಳೂರಿನ ಕುಮಾರಪಾರ್ಕ್‌ನಲ್ಲಿ ವಾಸ.

ಸಭೆಗಳು ನಿಂತವು, ಭಾಷಣಗಳು ನಿಂತವು. ಪತ್ರಗಳು ನಿಲ್ಲಲಿಲ್ಲ. ಸೋಮವಾರ ಅವರ ಮೌನದ ದಿನ. 1926ರ ಡಿಸೆಂಬರ್‌ನಿಂದ ಪ್ರತಿ ಸೋಮವಾರ ಅವರು ಸಾಬರಮತಿ ಆಶ್ರಮದ ಹೆಣ್ಣುಮಕ್ಕಳಿಗೆ ಒಂದು ಪತ್ರ ಬರೆಯುವ ಪದ್ಧತಿ ಇಟ್ಟುಕೊಂಡಿದ್ದರು. ಬಾಯಿ ಮುಚ್ಚಿದ ದಿನ ಲೇಖನಿ ಮಾತಾಡುತ್ತಿತ್ತು. ಹಾಸಿಗೆ ಹಿಡಿದಾಗಲೂ ಈ ಪದ್ಧತಿ ಮುಂದುವರಿಯಿತು. ಈ ಪತ್ರಗಳನ್ನು ಮುಂದೆ ಸಂಪಾದಿಸಿದವರು ಬೆಳಗಾವಿ ಸಮೀಪದ ಬೆಳಗುಂದಿಯೊಡನೆ ನಂಟಿದ್ದ ಕಾಕಾ ಕಾಲೇಲಕರರು.

ಅವುಗಳಲ್ಲಿ ಏನಿದೆ? ಸ್ವರಾಜ್ಯದ ದೊಡ್ಡ ಯೋಜನೆಗಳನ್ನು ನಿರೀಕ್ಷಿಸಿದವರಿಗೆ ಅಚ್ಚರಿಯಾದೀತು. ಅಡುಗೆಮನೆಯನ್ನು ಎಲ್ಲರೂ ಸೇರಿ ನಡೆಸುವುದು ಹೇಗೆ, ಉಗ್ರಾಣದ ಲೆಕ್ಕ ಸರಿಯಾಗಿಡುವುದು ಹೇಗೆ, ಮುಂಜಾನೆಯ ಪ್ರಾರ್ಥನೆಗೆ ತಪ್ಪದೆ ಬರುವುದೇಕೆ, ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಆಡುವ ಮಾತು ಎಷ್ಟು ಕೆಡುಕು, ಹೆದರಿಕೆಯನ್ನು ಬಿಡುವುದು ಹೇಗೆ, ಇಂಥವೇ ವಿಷಯಗಳು. ಬ್ರಿಟಿಷ್ ಸಾಮ್ರಾಜ್ಯವನ್ನು ಅಹಿಂಸೆಯಿಂದ ಎದುರಿಸಲು ಹೊರಟ ವ್ಯಕ್ತಿ ಅಹಿಂಸೆಯ ಪಾಠವನ್ನು ಅಡುಗೆಮನೆಯಿಂದ ಶುರುಮಾಡಿದರು. ಒಂದು ಪಾತ್ರೆ ತೊಳೆಯುವ ಸರದಿಗಾಗಿ ಇಬ್ಬರು ಮುಖ ತಿರುಗಿಸಿಕೊಂಡಿರುವ ಕಡೆ ದೇಶದ ಶಾಂತಿಯ ಮಾತಿಗೆ ಬೆಲೆಯಿಲ್ಲವೆಂದು ಅವರು ಬಲ್ಲವರಾಗಿದ್ದರು.

1930ರಲ್ಲಿ ಯರವಡ ಸೆರೆಮನೆಯಲ್ಲಿದ್ದಾಗಲೂ ಹೀಗೆಯೇ. ಸತ್ಯ, ಅಹಿಂಸೆ ಮೊದಲಾದ ವ್ರತಗಳನ್ನು ಕುರಿತು ವಾರಕ್ಕೊಂದು ಪತ್ರ ಆಶ್ರಮಕ್ಕೆ ಬರೆದರು. 'ಮಂಗಳ ಪ್ರಭಾತ' ಎಂಬ ಪುಸ್ತಕ ಹುಟ್ಟಿದ್ದು ಹೀಗೆ. ಸಂತ ಪೌಲರ ಸೆರೆಮನೆಯ ಪತ್ರಗಳನ್ನು ಓದುವ ನಮಗೆ ಇದು ಅಪರಿಚಿತವಾಗಿ ಕಾಣಲಾರದು.

ವೈರಿಗೂ 'ಪ್ರಿಯ ಸ್ನೇಹಿತ'

ಗಾಂಧೀಜಿ ಕ್ರೈಸ್ತರಾಗಿರಲಿಲ್ಲ. ಆದರೆ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಓದಿದ ಪರ್ವತ ಪ್ರಬೋಧನೆ ನೇರವಾಗಿ ತಮ್ಮ ಹೃದಯಕ್ಕೆ ಇಳಿಯಿತೆಂದು ಅವರೇ ಹೇಳಿಕೊಂಡಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ ರಷ್ಯದ ಲೇಖಕ ಟಾಲ್‌ಸ್ಟಾಯ್ ಅವರ ಗ್ರಂಥವನ್ನು ಓದಿದರು. ದೇವರ ರಾಜ್ಯ ನಮ್ಮೊಳಗೇ ಇದೆ ಎಂಬ ಆ ಗ್ರಂಥ ಸಂತ ಮತ್ತಾಯರ ಶುಭಸಂದೇಶದ ಐದನೆಯ ಅಧ್ಯಾಯದ ಮೇಲೆ ನಿಂತದ್ದು. 1909ರ ಅಕ್ಟೋಬರ್‌ನಲ್ಲಿ ಗಾಂಧೀಜಿ ಲಂಡನ್ನಿನಿಂದ ಟಾಲ್‌ಸ್ಟಾಯ್ ಅವರಿಗೆ ಮೊದಲ ಪತ್ರ ಬರೆದರು. ವೃದ್ಧ ಟಾಲ್‌ಸ್ಟಾಯ್ ಉತ್ತರಿಸಿದರು. 1910ರ ಸೆಪ್ಟೆಂಬರ್‌ನಲ್ಲಿ ಅವರು ಬರೆದ ದೀರ್ಘ ಪತ್ರ ಅವರಿಬ್ಬರ ನಡುವಣ ಕೊನೆಯ ಪತ್ರ. ಎರಡು ತಿಂಗಳಲ್ಲಿ ಟಾಲ್‌ಸ್ಟಾಯ್ ನಿಧನರಾದರು. ಇಬ್ಬರೂ ಮುಖತಃ ಭೇಟಿಯಾಗಲೇ ಇಲ್ಲ.

ವೈರಿಗಳನ್ನು ಪ್ರೀತಿಸಿರಿ ಎಂಬ ಯೇಸುಸ್ವಾಮಿಯ ಆಜ್ಞೆ (ಮತ್ತಾಯ 5:44) ಗಾಂಧೀಜಿಯ ಪತ್ರದ ಮೊದಲ ಸಾಲಿನಲ್ಲಿಯೇ ಕಾಣುತ್ತದೆ. 1930ರ ಮಾರ್ಚ್ 2ರಂದು ವೈಸರಾಯ್ ಇರ್ವಿನ್ ಅವರಿಗೆ ಬರೆದ ಪತ್ರ 'ಪ್ರಿಯ ಸ್ನೇಹಿತ' ಎಂದೇ ಆರಂಭವಾಗುತ್ತದೆ. ಉಪ್ಪಿನ ಕಾನೂನನ್ನು ಮುರಿಯುವೆನೆಂದು ಮುಂಚಿತವಾಗಿಯೇ ತಿಳಿಸುವ ಪತ್ರ ಅದು. ಬ್ರಿಟಿಷ್ ಆಳ್ವಿಕೆ ಈ ದೇಶಕ್ಕೆ ಶಾಪವೆಂದು ಸ್ಪಷ್ಟವಾಗಿ ಹೇಳುತ್ತಲೇ, ಒಬ್ಬನೇ ಒಬ್ಬ ಆಂಗ್ಲನಿಗೂ ಕೇಡು ಬಯಸುವುದಿಲ್ಲವೆಂದೂ ಹೇಳುತ್ತದೆ. ಪತ್ರವನ್ನು ತಲುಪಿಸಿದವನು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಆಂಗ್ಲ ತರುಣ. ಹತ್ತು ದಿನಗಳ ಬಳಿಕ ದಂಡಿಯಾತ್ರೆ ಹೊರಟಿತು. ಗಾಂಧೀಜಿಯ ಜೊತೆ ಹೊರಟವರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಒಬ್ಬರು.

1939ರ ಜುಲೈ 23ರಂದು ಅವರು ಹಿಟ್ಲರನಿಗೂ ಒಂದು ಪುಟ್ಟ ಪತ್ರ ಬರೆದರು. ಯುದ್ಧವನ್ನು ತಡೆಯಲು ಶಕ್ತನಾದವನು ನೀನೊಬ್ಬನೇ, ನಾನು ಬರೆದದ್ದು ತಪ್ಪಾಗಿದ್ದರೆ ಕ್ಷಮಿಸು ಎಂಬುದು ಅದರ ಸಾರ. 1940ರ ಡಿಸೆಂಬರ್‌ನಲ್ಲಿ ಇನ್ನೊಂದನ್ನು ಬರೆದರು. ಸ್ನೇಹಿತ ಎಂದು ಕರೆದದ್ದು ಬರಿಯ ಶಿಷ್ಟಾಚಾರಕ್ಕಲ್ಲ, ನನಗೆ ವೈರಿಗಳೇ ಇಲ್ಲ ಎಂದರು. ಆದರೆ ಅದೇ ಪತ್ರದಲ್ಲಿ ಅವನ ಕೃತ್ಯಗಳು ಮನುಷ್ಯತ್ವಕ್ಕೆ ಒಪ್ಪದ ಘೋರ ಕೃತ್ಯಗಳೆಂದು ಹೇಳಲು ಹಿಂಜರಿಯಲಿಲ್ಲ. ಎರಡು ಪತ್ರಗಳೂ ಹಿಟ್ಲರನ ಕೈ ಸೇರಲಿಲ್ಲ.

ಇದನ್ನು ಓದಿ ನಗುವವರುಂಟು. ಹಿಟ್ಲರನಿಗೆ ಅಂಚೆಯಲ್ಲಿ ಬುದ್ಧಿ ಹೇಳಲಾದೀತೇ ಎಂದು ಕೇಳುವವರುಂಟು. ಆದರೆ ಇಲ್ಲಿರುವ ವಿವೇಕವನ್ನು ಗಮನಿಸಬೇಕು. ಪಾಪವನ್ನು ಪಾಪವೆಂದೇ ಕರೆಯಬೇಕು, ಪಾಪಿಯನ್ನು ಪ್ರೀತಿಯಿಂದ ಹೊರಗಿಡಬಾರದು. ಮನುಷ್ಯರ ಮೇಲೆ ಪ್ರೀತಿ, ಅವರ ದುರ್ಗುಣದ ಮೇಲೆ ದ್ವೇಷ ಇರಲಿ ಎಂದು ಸಂತ ಅಗಸ್ಟೀನರೂ ಬೋಧಿಸಿದ್ದಾರೆ. ಅವರು ಈ ಮಾತನ್ನು ಹೇಳಿದ್ದೂ ಕನ್ಯಾಸ್ತ್ರೀಯರಿಗೆ ಬರೆದ ಒಂದು ಪತ್ರದಲ್ಲಿಯೇ.

ಮುಚ್ಚಿಡದ ಕುಂದುಗಳು

ಒಬ್ಬ ದೊಡ್ಡ ಮನುಷ್ಯನ ಖಾಸಗಿ ಕಾಗದಗಳನ್ನು ಓದುವುದೆಂದರೆ ಅವನ ಕುಂದುಗಳನ್ನೂ ಓದುವುದು. ಜೀವನವಿಡೀ ಅಹಿಂಸೆಯ ಸಾಧಕರಾಗಿದ್ದ ಗಾಂಧೀಜಿ ಆ ದಾರಿಯಲ್ಲಿ ಎಡವಲೇ ಇಲ್ಲವೇ? ಎಡವಿದರು. 1918ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಅವರು ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ತಿರುಗಿ ಸೈನ್ಯಕ್ಕೆ ಜನರನ್ನು ಸೇರಿಸಲು ಯತ್ನಿಸಿದರು. ಅವರ ಆಪ್ತಮಿತ್ರರಾದ ಕ್ರೈಸ್ತ ಧರ್ಮಪ್ರಚಾರಕ ಸಿ.ಎಫ್. ಆಂಡ್ರೂಸ್ ಅವರು ಇದನ್ನು ಒಪ್ಪದೆ ವಾದ ಹೂಡಿದರು. ಗಾಂಧೀಜಿ ತಮ್ಮ ನಿಲುವನ್ನು ಪತ್ರಗಳಲ್ಲಿ ವಿವರಿಸಿದರು. ಜನ ಸೇರಲಿಲ್ಲ, ಅವರೇ ಕಾಯಿಲೆ ಬಿದ್ದರು. ಹತ್ತು ವರ್ಷಗಳ ನಂತರ, 1928ರಲ್ಲಿ, ಹಾಲೆಂಡಿನ ಶಾಂತಿವಾದಿ ಬಾರ್ತ್ ದೆ ಲಿಖ್ತ್ ಎಂಬವರು ಈ ವಿಷಯ ಎತ್ತಿ ಬಹಿರಂಗ ಪತ್ರ ಬರೆದರು. ಅಹಿಂಸಾವಾದಿಯಾದ ನೀವು ಯುದ್ಧಕ್ಕೆ ನೆರವಾದದ್ದು ಸರಿಯೇ ಎಂಬುದು ಅವರ ಪ್ರಶ್ನೆ.

ಗಾಂಧೀಜಿ ಆ ಪ್ರಶ್ನೆಯನ್ನು ಬಚ್ಚಿಡಲಿಲ್ಲ. ತಮ್ಮ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿಯೇ ಉತ್ತರಿಸಿದರು. ಅಹಿಂಸೆಯ ತಕ್ಕಡಿಯೊಂದರಲ್ಲಿ ತೂಗಿದರೆ ತಮ್ಮ ವರ್ತನೆಯನ್ನು ಸಮರ್ಥಿಸಲಾಗದೆಂದು ಒಪ್ಪಿಕೊಂಡರು. ಆಗ ತಮಗೆ ಕರ್ತವ್ಯವೆಂದು ತೋರಿದ್ದನ್ನು ವಿವರಿಸಿದರು, ಯುದ್ಧ ಕೆಡುಕೇ ಎಂದರು. ಇನ್ನೊಂದು ಸಂದರ್ಭವೂ ಇದೆ. ಜರ್ಮನಿಯ ಯೆಹೂದಿಯರಿಗೆ 1938ರಲ್ಲಿ ಗಾಂಧೀಜಿ ಸತ್ಯಾಗ್ರಹವನ್ನು ಸೂಚಿಸಿದಾಗ, ಯೆಹೂದಿ ಚಿಂತಕ ಮಾರ್ಟಿನ್ ಬೂಬರ್ ಅವರು ಮರುವರ್ಷ ನೋವಿನಿಂದ ಒಂದು ಪತ್ರ ಬರೆದರು. ಹಿಟ್ಲರನ ಆಡಳಿತದ ಕ್ರೌರ್ಯ ಎಂಥದೆಂಬುದು ನಿಮಗೆ ತಿಳಿಯದು ಎಂಬುದು ಅವರ ಆಕ್ಷೇಪಣೆ. ಈ ಆಕ್ಷೇಪಣೆಯನ್ನು ಇಂದು ಯಾರೂ ಹಗುರವಾಗಿ ತಳ್ಳಿಹಾಕಲಾರರು.

ಆದರೆ ಕುಟುಂಬದ ಪುಟವನ್ನು ಓದುತ್ತಿರುವ ನಮಗೆ ಹೆಚ್ಚು ಚುಚ್ಚುವುದು ಹಿರಿಯ ಮಗ ಹರಿಲಾಲನ ಕಥೆ. ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೋಗುವ ಅವಕಾಶವನ್ನು ತಂದೆ ತನಗೆ ಕೊಡದೆ ಇತರರಿಗೆ ಕೊಟ್ಟರೆಂಬ ನೋವು ಆತನಲ್ಲಿ ಆರಲಿಲ್ಲ. 1915ರಲ್ಲಿ ಆತ ತಂದೆಗೊಂದು ದೀರ್ಘ ಪತ್ರ ಬರೆದು, ಅಚ್ಚು ಹಾಕಿಸಿ ಪರಿಚಿತರಿಗೂ ಹಂಚಿದ. ನೀವು ನಮ್ಮ ಮಾತನ್ನು ಕೇಳಲೇ ಇಲ್ಲ ಎಂಬುದೇ ಅದರ ಗೋಳು. ಮುಂದೆ ಆತ ಕುಡಿತಕ್ಕೆ ಬಿದ್ದ. ತಂದೆಯ ಪತ್ರಗಳು ಕೆಲವೊಮ್ಮೆ ಅಂಗಲಾಚಿದವು, ಕೆಲವೊಮ್ಮೆ ಕಠೋರವಾಗಿ ಗದರಿಸಿದವು. ರಾಜಿ ಆಗಲಿಲ್ಲ. 1948ರ ಜನವರಿ 30ರಂದು ತಂದೆ ಗುಂಡಿಗೆ ಬಲಿಯಾದರು. ಅದೇ ವರ್ಷ ಜೂನ್‌ನಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಮಗನೂ ತೀರಿಕೊಂಡ.

ಲೋಕಕ್ಕೆಲ್ಲ ಶಾಂತಿಯ ದಾರಿ ತೋರಿದವರಿಗೆ ತಮ್ಮ ಮನೆಯ ಒಂದು ಬಾಗಿಲು ತೆರೆಯಲಾಗಲಿಲ್ಲ. ಇದನ್ನು ಓದಿ ಅವರನ್ನು ಅಳೆಯಲು ಹೊರಡಬೇಡಿ. ನಮ್ಮನ್ನೇ ಅಳೆದುಕೊಳ್ಳೋಣ. ಹೊರಗೆ ಎಲ್ಲರಿಗೂ ಬೇಕಾದವರಾಗಿ, ಸಂಘ ಸಂಸ್ಥೆಗಳಲ್ಲಿ ಮುಂದಾಳುಗಳಾಗಿ, ದೇವಾಲಯದಲ್ಲಿ ಮೊದಲ ಸಾಲಿನಲ್ಲಿ ಕುಳಿತು, ಮನೆಯಲ್ಲಿ ಮಗನ ಮಾತಿಗೆ ಕಿವಿ ಕೊಡದ ತಂದೆಯಂದಿರು ನಮ್ಮಲ್ಲಿ ಕಡಿಮೆಯೇ? ಈ ಪ್ರಶ್ನೆಯಿಂದ ಗುರುಗಳಾದ ನಾವೂ ತಪ್ಪಿಸಿಕೊಳ್ಳಲಾರೆವು. ಗಾಂಧೀಜಿಯ ಕಾಗದಗಳು ಈ ಸೋಲನ್ನೂ ಜೋಪಾನವಾಗಿ ಕಾದಿಟ್ಟಿವೆ. ಒಳ್ಳೆಯ ಪಾಪನಿವೇದನೆಯಲ್ಲಿಯೂ ಹೀಗೆಯೇ, ಲೆಕ್ಕದಲ್ಲಿ ಒಂದು ಪುಟವನ್ನೂ ಹರಿಯಬಾರದು.

ಧರ್ಮಸಭೆಯ ಬೋಧನೆ

ಹಾಗಾದರೆ ಕಥೋಲಿಕರೆಲ್ಲರೂ ಆಯುಧವನ್ನು ಮುಟ್ಟಲೇಬಾರದೇ? ಆ ತಾಯಿಯ ಪತಿ ಸೈನಿಕರಾಗಿದ್ದುದು ತಪ್ಪೇ? ಪ್ರಶ್ನೆ ನ್ಯಾಯವಾದದ್ದು. ನಮ್ಮ ಭಾಗದ ಎಷ್ಟೋ ಮನೆಗಳ ಮಕ್ಕಳು ಸೈನ್ಯದಲ್ಲಿದ್ದಾರೆ.

ಧರ್ಮಸಭೆ ಇಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ಶಾಂತಿಯ ಎಲ್ಲ ದಾರಿಗಳೂ ಮುಚ್ಚಿದಾಗ, ಕಠಿಣವಾದ ಷರತ್ತುಗಳಿಗೆ ಒಳಪಟ್ಟು, ತನ್ನ ಜನರನ್ನು ರಕ್ಷಿಸುವ ಹಕ್ಕು ರಾಷ್ಟ್ರಕ್ಕಿದೆ. ಈ ಷರತ್ತುಗಳನ್ನು ಕಥೋಲಿಕ ಧರ್ಮೋಪದೇಶ ಗ್ರಂಥದ 2309ನೆಯ ಪರಿಚ್ಛೇದದಲ್ಲಿ ನೋಡಬಹುದು. ದೇಶಸೇವೆಗೆಂದು ಸೈನ್ಯ ಸೇರಿ ತಮ್ಮ ಕರ್ತವ್ಯವನ್ನು ಸರಿಯಾಗಿ ಮಾಡುವವರು ಜನರ ಭದ್ರತೆ, ಸ್ವಾತಂತ್ರ್ಯಗಳ ಸೇವಕರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಅದೇ ದಸ್ತಾವೇಜಿನ ಅದೇ 79ನೆ ಪರಿಚ್ಛೇದದಲ್ಲಿ, ಮನಸ್ಸಾಕ್ಷಿಯ ಕಾರಣ ಆಯುಧ ಹಿಡಿಯಲಾರೆವೆನ್ನುವವರಿಗೆ ಕಾನೂನು ಮಾನವೀಯವಾದ ಅವಕಾಶ ಕೊಡಬೇಕೆಂದೂ ಹೇಳಿತು. ಹಿಂಸೆಯನ್ನು ತೊರೆದು, ಇತರರ ಹಕ್ಕಿಗೆ ಧಕ್ಕೆ ತಾರದೆ ದುರ್ಬಲರ ಪರ ನಿಲ್ಲುವವರು ಶುಭಸಂದೇಶದ ಪ್ರೀತಿಗೆ ಸಾಕ್ಷಿಗಳೆಂದು ಧರ್ಮೋಪದೇಶದ 2306ನೆಯ ಪರಿಚ್ಛೇದ ಬೋಧಿಸುತ್ತದೆ.

2017ರ ವಿಶ್ವ ಶಾಂತಿ ದಿನದ ಸಂದೇಶದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಅಹಿಂಸೆಯನ್ನೇ ವಿಷಯವಾಗಿ ಆರಿಸಿಕೊಂಡು, ಗಾಂಧೀಜಿ ಮತ್ತು ಖಾನ್ ಅಬ್ದುಲ್ ಗಫಾರ್ ಖಾನ್ ಅವರ ಹೆಸರುಗಳನ್ನು ಗೌರವದಿಂದ ಸ್ಮರಿಸಿದರು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು 14ನೆಯ ಲಿಯೋ ಅವರು ಜನರಿಗೆ ಹೇಳಿದ ಮೊದಲ ಮಾತೇ ಪುನರುತ್ಥಿತ ಪ್ರಭುವಿನ ಶಾಂತಿಯ ಹಾರೈಕೆ. ಅದು ಆಯುಧವಿಲ್ಲದ ಶಾಂತಿ, ಎದುರಿಗಿರುವವನ ಕೈಯಿಂದಲೂ ಆಯುಧ ಇಳಿಸುವ ಶಾಂತಿ ಎಂದು ಅವರು ವಿವರಿಸಿದರು.

ಕಾಗದಗಳ ಮಾತು ಬಂದಾಗ ನಮ್ಮವರೇ ಆದ ಒಬ್ಬರನ್ನು ನೆನೆಯಲೇಬೇಕು. ಆಸ್ಟ್ರಿಯದ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್ ಅವರು ಹಿಟ್ಲರನ ಅನ್ಯಾಯದ ಯುದ್ಧದಲ್ಲಿ ಕಾದಲಾರೆನೆಂದರು. ಅದಕ್ಕಾಗಿ 1943ರ ಆಗಸ್ಟ್ 9ರಂದು ಅವರ ಶಿರಚ್ಛೇದ ಮಾಡಲಾಯಿತು. ಸೆರೆಮನೆಯಲ್ಲಿ ಕೋಳ ತೊಟ್ಟ ಕೈಗಳಿಂದ ಬರೆದ ಅವರ ಬರಹಗಳನ್ನೂ ಪತ್ರಗಳನ್ನೂ ಪತ್ನಿ ಫ್ರಾನ್ಸಿಸ್ಕಾ ಅವರು ಹೊಲದ ಮನೆಯಲ್ಲಿ ದಶಕಗಳ ಕಾಲ ಕಾಪಾಡಿದರು. 2007ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿದಾಗ ಆ ವೃದ್ಧ ಪತ್ನಿ ಪೂಜೆಯಲ್ಲಿ ಹಾಜರಿದ್ದರು. ಒಬ್ಬ ಹೆಣ್ಣುಮಗಳು ಕಾಗದಗಳನ್ನು ಎಸೆಯದೆ ಉಳಿಸಿದ್ದರಿಂದ ಜಗತ್ತಿಗೆ ಒಬ್ಬ ಸಾಕ್ಷಿ ದೊರೆತ.

ನಮ್ಮ ಮನೆಗೆ ಪಾಠ

ಪ್ರಿಯ ವಾಚಕರೇ, ಇಂದು ನಾವು ಪತ್ರ ಬರೆಯುವುದನ್ನು ಬಿಟ್ಟಿದ್ದೇವೆ. ಬೆಳಗಾದರೆ ಕೈಯಲ್ಲಿ ಮೊಬೈಲ್. ಯಾರೋ ಬರೆದದ್ದನ್ನು ಓದದೆಯೇ ಹತ್ತು ಜನರಿಗೆ ದಾಟಿಸುತ್ತೇವೆ. ಸಿಟ್ಟಿನಲ್ಲಿ ಒಂದು ಮಾತು ಒತ್ತಿದರೆ ಕ್ಷಣದಲ್ಲಿ ಸಂಬಂಧವೇ ಮುರಿಯುತ್ತದೆ. ಗಾಂಧೀಜಿಯ ಕಾಗದಗಳಿಂದ ನಮ್ಮ ಕುಟುಂಬಗಳು ಕಲಿಯಬಹುದಾದ ನಾಲ್ಕು ವಿಷಯಗಳಿವೆ.

ಮೊದಲನೆಯದು, ಉತ್ತರ ಕೊಡುವುದು. ಚಿಕ್ಕವರು ಕೇಳಿದ ಚಿಕ್ಕ ಪ್ರಶ್ನೆಗೂ ಉತ್ತರ ಸಲ್ಲಬೇಕು. ಮೌನವೂ ಹಲವು ಸಲ ಹಿಂಸೆಯೇ. ಹರಿಲಾಲನ ಪತ್ರ ನಮಗೆ ಎಚ್ಚರಿಕೆ ಕೊಡುವುದು ಇದನ್ನೇ.

ಎರಡನೆಯದು, ಸಂಬೋಧನೆ. ಜಗಳವಾಡಿದ ತಮ್ಮ ಇನ್ನೂ ತಮ್ಮನೇ. 'ಅವನು', 'ಆ ಮನುಷ್ಯ' ಎಂದು ಕರೆಯಲು ಶುರುಮಾಡಿದ ದಿನವೇ ನಡುವೆ ಗೋಡೆ ಏಳುತ್ತದೆ. ಹಿಟ್ಲರನಿಗೆ ಸ್ನೇಹಿತ ಎನ್ನುವುದು ಒಬ್ಬರಿಗೆ ಸಾಧ್ಯವಾಗಿದ್ದರೆ, ಒಡಹುಟ್ಟಿದವನಿಗೆ 'ಅಣ್ಣಾ' ಎನ್ನುವುದು ನಮಗೆ ಅಸಾಧ್ಯವೇ?

ಮೂರನೆಯದು, ನಮ್ಮ ತಪ್ಪನ್ನು ಮೊದಲು ಬರೆಯುವುದು. ನೀನು ಹೀಗೆ ಮಾಡಿದೆ ಎಂದು ಆರಂಭವಾದ ಪತ್ರವನ್ನು ಯಾರೂ ಪೂರ್ತಿ ಓದುವುದಿಲ್ಲ. ನಾನು ಹೀಗೆ ಮಾಡಬಾರದಿತ್ತು ಎಂದು ಆರಂಭಿಸಿ ನೋಡಿ.

ನಾಲ್ಕನೆಯದು, ಕಾಲವನ್ನು ಕೊಡುವುದು. ಕೈಯಲ್ಲಿ ಬರೆಯುವಾಗ ಸಿಟ್ಟು ಇಳಿಯಲು ಸಮಯ ಸಿಗುತ್ತದೆ. ವಾರದಲ್ಲಿ ಒಂದು ಗಂಟೆಯಾದರೂ ಮೌನವಿರಲಿ. ಆ ಮೌನದಲ್ಲಿ ದೇವರ ಮುಂದೆ ಕುಳಿತು ಬರೆದ ಮಾತು ಬೇರೆಯೇ ಆಗಿರುತ್ತದೆ.

ಆ ತಾಯಿಯ ಮನೆಯ ಕಥೆ ಏನಾಯಿತೆಂದು ನೀವು ಕೇಳಬಹುದು. ಆ ಸಂಜೆ ಒಣಗಿದ ಪತ್ರವನ್ನು ಅವರು ಕಿರಿಯ ಮಗನ ಕೈಗೆ ಕೊಟ್ಟು, "ನಿಮ್ಮಪ್ಪ ಬರದದ್ದು, ನಿಮ್ಮಣ್ಣಗ ಓದಿ ಹೇಳಿ ಬಾ" ಎಂದರು. ಆತ ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಹೋದ. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಆ ವರ್ಷದ ಕ್ರಿಸ್ಮಸ್ ಬಲಿಪೂಜೆಯಲ್ಲಿ ಅಣ್ಣ ತಮ್ಮಂದಿರು ಒಂದೇ ಬೆಂಚಿನಲ್ಲಿ ತಾಯಿಯ ಎರಡು ಪಕ್ಕದಲ್ಲಿ ಕುಳಿತದ್ದನ್ನು ಮಾತ್ರ ನೋಡಿದೆ. ಹೊಲದ ಬದು ಆಗಲೂ ಇತ್ಯರ್ಥವಾಗಿರಲಿಲ್ಲ. ಶಾಂತಿ ವಿನಿಮಯದ ವೇಳೆ ಇಬ್ಬರೂ ಒಂದು ಕ್ಷಣ ಅನುಮಾನಿಸಿ, ಬಳಿಕ ಕೈ ಜೋಡಿಸಿದರು.

ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ರಾಜಿಯಾಗಬೇಕೆಂದು ಪ್ರಭು ಹೇಳಿದ್ದಾರೆ (ಮತ್ತಾಯ 5:23-24). ಹೋಗಲು ಕಾಲು ಬಾರದಿದ್ದರೆ ಒಂದು ಕಾಗದವನ್ನಾದರೂ ಕಳುಹಿಸೋಣ.

ಕುಟುಂಬದಲ್ಲಿ ಚಿಂತನೆಗೆ

1. ಫಿಲೆಮೋನನಿಗೆ ಬರೆದ ಪತ್ರವನ್ನು ಈ ವಾರ ಒಂದು ಸಂಜೆ ಜಪಸರದ ನಂತರ ಎಲ್ಲರೂ ಸೇರಿ ಓದಿರಿ. ನಮ್ಮ ಮನೆಯಲ್ಲಿ ಒನೇಸಿಮ ಯಾರು? ಫಿಲೆಮೋನ ಯಾರು?
2. ನಾವು ಮಾತು ಬಿಟ್ಟಿರುವ ನೆಂಟರು, ನೆರೆಯವರು ಯಾರಾದರೂ ಇದ್ದಾರೆಯೇ? ಮೊದಲ ಸಾಲನ್ನು ಯಾರು ಬರೆಯಬೇಕು?
3. ಮನೆಯ ಹಿರಿಯರ ಹಳೆಯ ಪತ್ರಗಳಿದ್ದರೆ ಹೊರತೆಗೆದು ಮಕ್ಕಳಿಗೆ ಓದಿ ಹೇಳಿರಿ. ಒಣ ಜಾಗದಲ್ಲಿ, ನೆಲದಿಂದ ಎತ್ತರದಲ್ಲಿ ಜೋಪಾನವಾಗಿ ಇಡಿರಿ.

ಪ್ರಾರ್ಥನೆ

ಶಾಂತಿದಾತರಾದ ಪ್ರಭುವೇ, ನಮ್ಮ ನಾಲಗೆಯನ್ನೂ ಲೇಖನಿಯನ್ನೂ ಬೆರಳ ತುದಿಯನ್ನೂ ಶುದ್ಧೀಕರಿಸಿರಿ. ಕೇಳದೆ ಹೋದ ಮಾತುಗಳನ್ನು ಕೇಳುವ ಕಿವಿ ಕೊಡಿರಿ. ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ ಕೊಡಿರಿ. ಗಡಿ ಕಾಯುವ ನಮ್ಮ ಮಕ್ಕಳನ್ನು ಕಾಪಾಡಿರಿ, ಯಾವ ತಾಯಿಯ ಮಗನೂ ಯುದ್ಧಕ್ಕೆ ಬಲಿಯಾಗದ ದಿನವನ್ನು ತನ್ನಿರಿ. ಮುರಿದ ನಮ್ಮ ಮನೆಗಳನ್ನು ನಿಮ್ಮ ಶಿಲುಬೆಯ ನೆರಳಿನಲ್ಲಿ ಒಂದಾಗಿಸಿರಿ. ಆಮೆನ್.